ಮಕ್ಕಳಿಗೆ ಯಾವ ಹಾಡಿನ ಆ್ಯಪ್? ಫಿಲ್ಟರಿಗಿಂತ ಮೊದಲು ಖಾತೆ ನೋಡಿ

ಮಕ್ಕಳ ಫೋನಿಗೆ ಹಾಡಿನ ಆ್ಯಪ್ ಹಾಕಿಕೊಡುವಾಗ ಹೆತ್ತವರು ಮೊದಲು ಹುಡುಕುವುದು ಕೆಟ್ಟ ಮಾತಿನ ಹಾಡುಗಳನ್ನು ತಡೆಯುವ ಸ್ವಿಚ್ಚನ್ನು. ಅದು ಎಲ್ಲ ದೊಡ್ಡ ಸೇವೆಗಳಲ್ಲೂ ಇದೆ, ಒತ್ತಲು ಒಂದು ನಿಮಿಷ ಸಾಕು. ಹಾಗಾಗಿ ಅದನ್ನಿಟ್ಟುಕೊಂಡು ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಆ್ಯಪಲ್ ಮ್ಯೂಸಿಕ್, ಅಮೆಜಾನ್ ಮ್ಯೂಸಿಕ್‌ಗಳಲ್ಲಿ ಒಂದನ್ನು ಆರಿಸಲು ಬರುವುದಿಲ್ಲ. ಇವುಗಳ ನಡುವಿನ ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ: ಖಾತೆ ಯಾರ ಹೆಸರಿನಲ್ಲಿದೆ, ಅದರಲ್ಲಿ ಹುಟ್ಟಿದ ದಿನಾಂಕ ಏನೆಂದು ಬರೆದಿದೆ, ಮಗು ಏನು ಕೇಳುತ್ತಿದೆ ಎಂಬುದು ಯಾರ ಕಣ್ಣಿಗೆ ಬೀಳುತ್ತದೆ, ಅಪರಿಚಿತರು ಮಗುವಿನ ತನಕ ಬರಲು ದಾರಿ ಇದೆಯೇ.

ಅಪ್ಪ ಅಮ್ಮನ ಖಾತೆಯೋ, ಮಗುವಿನದೇ ಖಾತೆಯೋ

ಹೆಚ್ಚಿನ ಮನೆಗಳಲ್ಲಿ ನಡೆಯುವುದು ಮೊದಲನೆಯದು. ಅಮ್ಮನ ಖಾತೆಯಲ್ಲೇ ಮಗುವಿನ ಟ್ಯಾಬ್‌ಗೂ ಲಾಗಿನ್ ಆಗಿರುತ್ತದೆ. ಸುಲಭ, ಖರ್ಚಿಲ್ಲ. ಆದರೆ ಸೇವೆಯ ಕಣ್ಣಿಗೆ ಆಗ ಕೇಳುತ್ತಿರುವುದು ಮಗುವಲ್ಲ, ನಲವತ್ತು ವರ್ಷದ ಗ್ರಾಹಕಿ. ಜಾಹೀರಾತು, ಪಾಡ್‌ಕಾಸ್ಟ್ ಶಿಫಾರಸು, ವಿಡಿಯೋ, ಸಂದೇಶ ಕಳಿಸುವ ಸೌಲಭ್ಯ ಎಲ್ಲವೂ ಆ ವಯಸ್ಸಿಗೆ ತಕ್ಕಂತೆ ತೆರೆದುಕೊಳ್ಳುತ್ತವೆ. ಫಿಲ್ಟರ್ ಹಾಕಿದರೆ ಅಮ್ಮನಿಗೂ ಹಾಡು ಸಿಗುವುದಿಲ್ಲ, ಆದ್ದರಿಂದ ನಾಲ್ಕು ದಿನಕ್ಕೆ ಅದನ್ನು ಅವರೇ ತೆಗೆದುಬಿಡುತ್ತಾರೆ. ಇಬ್ಬರ ಅಭಿರುಚಿ ಕಲಸಿಹೋಗಿ ಶಿಫಾರಸುಗಳು ಯಾರಿಗೂ ಬೇಡವಾಗುವುದು ಬೇರೆ.

ಎರಡನೆಯ ದಾರಿ ಇನ್ನೂ ಕೆಟ್ಟದ್ದು: ಮಗುವಿಗೆ ಪ್ರತ್ಯೇಕ ಖಾತೆ, ಆದರೆ ಸುಳ್ಳು ಹುಟ್ಟಿದ ವರ್ಷ. ನೋಂದಣಿಯ ಹೊತ್ತಿಗೆ ನಿಜವಾದ ದಿನಾಂಕ ಹಾಕಿದರೆ ಆ್ಯಪ್ ಒಪ್ಪುವುದಿಲ್ಲ ಎಂದು 1995 ಎಂದೋ 2000 ಎಂದೋ ಹಾಕಿಬಿಡುತ್ತಾರೆ. ಆ ಒಂದು ಸುಳ್ಳು ಖಾತೆ ಇರುವಷ್ಟು ಕಾಲ ಕೆಲಸ ಮಾಡುತ್ತದೆ. ಅಪ್ರಾಪ್ತರಿಗೆಂದು ಸೇವೆಗಳು ತಾವಾಗಿಯೇ ಇಟ್ಟಿರುವ ರಕ್ಷಣೆಗಳೆಲ್ಲ ಆ ದಿನಾಂಕವನ್ನೇ ನೋಡುತ್ತವೆ. ಉದಾಹರಣೆಗೆ, ಸ್ಪಾಟಿಫೈ 2025ರ ಆಗಸ್ಟ್‌ನಲ್ಲಿ ತಂದ ನೇರ ಸಂದೇಶ ಸೌಲಭ್ಯ 16 ದಾಟಿದವರಿಗೆ ಮಾತ್ರ. ಖಾತೆಯಲ್ಲಿ 1995 ಎಂದಿದ್ದರೆ ಹತ್ತು ವರ್ಷದ ಹುಡುಗನಿಗೂ ಅದು ತೆರೆಯುತ್ತದೆ. ಯೂಟ್ಯೂಬ್ 18ರೊಳಗಿನವರಿಗೆ ವ್ಯಕ್ತಿಗತ ಜಾಹೀರಾತು ತೋರಿಸುವುದಿಲ್ಲ, ಒಂದು ಮುಗಿದೊಡನೆ ಇನ್ನೊಂದನ್ನು ತಾನಾಗಿ ಶುರುಮಾಡುವ ಆಟೋಪ್ಲೇಯನ್ನು ಆಫ್ ಮಾಡಿಯೇ ಕೊಡುತ್ತದೆ. ಸುಳ್ಳು ವಯಸ್ಸಿಗೆ ಇವೆರಡೂ ಇಲ್ಲ.

ಆಮೇಲೆ ಸರಿಪಡಿಸೋಣವೆಂದರೆ ಅದೂ ಸಲೀಸಲ್ಲ. ಗೂಗಲ್ ಖಾತೆಯಲ್ಲಿ ಹುಟ್ಟಿದ ದಿನವನ್ನು ಅರ್ಹ ವಯಸ್ಸಿಗಿಂತ ಕೆಳಕ್ಕೆ ತಿದ್ದಿದರೆ 14 ದಿನಗಳ ಗಡುವು ಶುರುವಾಗುತ್ತದೆ; ಅಷ್ಟರಲ್ಲಿ ಹೆತ್ತವರ ಮೇಲ್ವಿಚಾರಣೆಯಡಿ ತರದಿದ್ದರೆ ಖಾತೆ ನಿಷ್ಕ್ರಿಯ. ತಿದ್ದುವ ಮೊದಲು, ಮಕ್ಕಳ ಖಾತೆಯ ಮೇಲೆ ಕಣ್ಣಿಡಲು ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಆ್ಯಪನ್ನು ಹೆತ್ತವರ ಫೋನಿಗೆ ಹಾಕಿಟ್ಟುಕೊಂಡು, ಒಂದೇ ಕೂತಿನಲ್ಲಿ ಎರಡನ್ನೂ ಮುಗಿಸಬೇಕು.

ಈ ವಯಸ್ಸಿನ ಗೆರೆ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಮಕ್ಕಳ ಆನ್‌ಲೈನ್ ಖಾಸಗಿತನ ಕಾಯ್ದೆ 1998ರದು, ಅದರ ಗೆರೆ 13. ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ ಜಿಡಿಪಿಆರ್ 16 ಎನ್ನುತ್ತದೆ, ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಹಾಗಾಗಿ ಒಂದು ದೇಶದಲ್ಲಿ ಸಿಗುವ ಮಕ್ಕಳ ಖಾತೆ ಇನ್ನೊಂದರಲ್ಲಿ ಸಿಗದಿರಬಹುದು. ಹಣ ಕಟ್ಟುವ ಮೊದಲು ನೋಡಬೇಕಾದ ಮೊದಲ ಸಂಗತಿ ಇದು.

ಇ ಅಕ್ಷರದ ಚೌಕ ಹೇಳುವುದೆಷ್ಟು

ಹಾಡಿನ ಹೆಸರಿನ ಪಕ್ಕ ಸಣ್ಣ ಚೌಕದಲ್ಲಿ ಇಂಗ್ಲಿಷಿನ ಇ ಅಕ್ಷರ ಕಂಡರೆ ಅದು 'ಎಕ್ಸ್‌ಪ್ಲಿಸಿಟ್' ಎಂಬ ಗುರುತು. ಎಲ್ಲ ಸೇವೆಗಳ ಫಿಲ್ಟರ್ ನೋಡುವುದು ಮುಖ್ಯವಾಗಿ ಇದನ್ನೇ. ಇದರ ಬೇರು 1985ರಷ್ಟು ಹಿಂದಕ್ಕೆ ಹೋಗುತ್ತದೆ: ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಆಗ ಹೆತ್ತವರಿಗೆಂದು ಆಲ್ಬಂಗಳ ಮೇಲೆ ಎಚ್ಚರಿಕೆಯ ಗುರುತು ಹಾಕಲು ಒಪ್ಪಿಕೊಂಡಿತು. ಇಂದಿಗೂ ಗುರುತು ಹಾಕುವವರು ಹಾಡನ್ನು ಸೇವೆಗೆ ಕಳಿಸುವ ಕಂಪನಿಯವರೋ ಕಲಾವಿದರೋ. ಸೇವೆಯವರು ಕೂತು ಕೋಟಿಗಟ್ಟಲೆ ಹಾಡು ಕೇಳಿ ಹಾಕಿದ್ದಲ್ಲ.

ಫಿಲ್ಟರ್ ಎಲ್ಲಿ ಸೋಲುತ್ತದೆ ಎಂಬುದು ಇಲ್ಲಿಂದಲೇ ಗೊತ್ತಾಗುತ್ತದೆ. ಕಳಿಸುವವರು ಗುರುತು ಹಾಕಲು ಮರೆತರೆ ಹಾಡು ಸಲೀಸಾಗಿ ನುಸುಳುತ್ತದೆ. ಮೂಲ ಹಾಡಿಗೆ ಗುರುತಿದ್ದು, ಅದೇ ಸಾಲುಗಳ ಕವರ್, ರೀಮಿಕ್ಸ್, ವೇಗ ಹೆಚ್ಚಿಸಿದ ಆವೃತ್ತಿಗೆ ಇಲ್ಲದಿರುವುದು ಸಾಮಾನ್ಯ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಹಾಡುಗಳಲ್ಲಿ ಈ ಗುರುತಿನ ಶಿಸ್ತು ಸಡಿಲ. ಆಲ್ಬಂನ ಮುಖಚಿತ್ರಕ್ಕೂ, ಯಾರೋ ಮಾಡಿದ ಪ್ಲೇಲಿಸ್ಟಿನ ಹೆಸರು, ಚಿತ್ರ, ವಿವರಣೆಗೂ ಈ ಗುರುತು ಅನ್ವಯಿಸುವುದೇ ಇಲ್ಲ. ಇದೆಲ್ಲಕ್ಕಿಂತ ಮುಖ್ಯವಾದದ್ದು, ಇ ಎಂದರೆ ಬಹುಮಟ್ಟಿಗೆ ಮಾತಿನ ಮಟ್ಟ. ಒಂದೂ ಬೈಗುಳವಿಲ್ಲದೆ ಹಿಂಸೆಯನ್ನೋ ಮಾದಕ ವಸ್ತುವನ್ನೋ ಹೊಗಳುವ ಹಾಡು ಫಿಲ್ಟರಿನ ಮೂಲಕ ನಿರಾಯಾಸವಾಗಿ ಬರುತ್ತದೆ. ಸ್ವಿಚ್ ಹಾಕಿ, ಖಂಡಿತ ಹಾಕಿ. ಆದರೆ ಅದನ್ನು ಸೊಳ್ಳೆಪರದೆ ಎಂದುಕೊಳ್ಳಿ, ಕೋಟೆ ಎಂದುಕೊಳ್ಳಬೇಡಿ.

ಸ್ಪಾಟಿಫೈ: ಬಾಗಿಲುಗಳು ಹೆಚ್ಚು, ಬೀಗಗಳೂ ಹೆಚ್ಚು

ಸ್ಪಾಟಿಫೈನಲ್ಲಿ ಮಕ್ಕಳಿಗೆ ಮೂರು ದಾರಿ ಇವೆ, ಮೂರೂ ಬೇರೆ ಬೇರೆ. ಮೊದಲನೆಯದು ಸ್ಪಾಟಿಫೈ ಕಿಡ್ಸ್ ಎಂಬ ಪ್ರತ್ಯೇಕ ಆ್ಯಪ್. ಒಂದೇ ವಿಳಾಸದ 6 ಜನರವರೆಗೆ ಬಳಸಬಹುದಾದ ಪ್ರೀಮಿಯಂ ಫ್ಯಾಮಿಲಿ ಯೋಜನೆ ಇದ್ದವರಿಗೆ ಮಾತ್ರ ಸಿಗುತ್ತದೆ. ಹಾಡುಗಳನ್ನು ಸಂಪಾದಕರು ಆರಿಸಿಟ್ಟಿರುತ್ತಾರೆ, ಜಾಹೀರಾತಿಲ್ಲ, ಅಪರಿಚಿತರ ಪ್ರೊಫೈಲ್‌ಗಳಿಲ್ಲ. 4 ಅಂಕಿಯ ಪಿನ್ ಹಿಂದೆ ಹೆತ್ತವರ ವಿಭಾಗವಿದೆ: ಅಲ್ಲಿ ಮಗು ಕೇಳಿದ ಹಾಡುಗಳ ಪಟ್ಟಿ ನೋಡಬಹುದು, ಬೇಡದ ಹಾಡನ್ನು ತಡೆಯಬಹುದು, ನಿಮ್ಮ ಪ್ಲೇಲಿಸ್ಟನ್ನು ಮಗುವಿಗೆ ಹಂಚಬಹುದು. ಚಿಕ್ಕವರಿಗೊಂದು, ಸ್ವಲ್ಪ ದೊಡ್ಡವರಿಗೊಂದು ಎಂದು ಎರಡು ಹಂತದ ಸಂಗ್ರಹ ಇದೆ. ಏಳೆಂಟು ವರ್ಷದವರೆಗೆ ಇದಕ್ಕಿಂತ ನಿಶ್ಚಿಂತೆಯದು ಈ ನಾಲ್ಕು ಸೇವೆಗಳಲ್ಲಿ ಇಲ್ಲ. ಒಂಬತ್ತರ ಆಸುಪಾಸಿನಲ್ಲಿ ಮಕ್ಕಳು 'ಇದು ಪಾಪುಗಳ ಆ್ಯಪ್' ಎಂದು ಮೂಗು ಮುರಿಯಲು ಶುರುಮಾಡುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಅಂಥವರಿಗೆಂದೇ ಬಂದ ಮ್ಯಾನೇಜ್ಡ್ ಅಕೌಂಟ್. ಫ್ಯಾಮಿಲಿ ಯೋಜನೆಯ ಒಳಗೇ, 13ರೊಳಗಿನವರಿಗೆ, ಮುಖ್ಯ ಆ್ಯಪಿನಲ್ಲೇ ಸಿಗುವ ಸಂಗೀತ ಮಾತ್ರದ ಖಾತೆ. ಇ ಗುರುತಿನ ಹಾಡು, ವಿಡಿಯೋ, ಹಾಡಿನ ಹಿಂದೆ ಓಡುವ ಪುಟ್ಟ ಕ್ಯಾನ್ವಾಸ್ ದೃಶ್ಯ, ನಿರ್ದಿಷ್ಟ ಕಲಾವಿದರು ಇವನ್ನೆಲ್ಲ ಹೆತ್ತವರೇ ತಡೆಯಬಹುದು. ಪರಸ್ಪರ ಸಂಪರ್ಕದ ಸೌಲಭ್ಯಗಳು ಇರುವುದಿಲ್ಲ. ಕೆಲವು ದೇಶಗಳಲ್ಲಷ್ಟೇ ಇದು ಲಭ್ಯ. ನಿಮ್ಮಲ್ಲಿ ಇದೆಯೇ ಎಂದು ತಿಳಿಯಲು ಫ್ಯಾಮಿಲಿ ಯೋಜನೆಯ ಪುಟದಲ್ಲಿ ಸದಸ್ಯರನ್ನು ಸೇರಿಸುವ ಗುಂಡಿ ಒತ್ತಿ ನೋಡಿ. ಮಗುವಿಗೆಂದು ಬೇರೆ ಆಯ್ಕೆ ಕಾಣಿಸಿದರೆ ಇದೆ.

ಮೂರನೆಯದು ಸಾಮಾನ್ಯ ಖಾತೆ. ಹದಿಹರೆಯದವರು ಇರುವುದು ಇಲ್ಲಿ, ತೊಂದರೆ ಹೆಚ್ಚು ಇರುವುದೂ ಇಲ್ಲೇ. ಸ್ಪಾಟಿಫೈ ಹಾಡಿನ ಅಂಗಡಿಯಷ್ಟೇ ಅಲ್ಲ, ಅರ್ಧ ಸಾಮಾಜಿಕ ಜಾಲತಾಣ. ಅಲ್ಲಿ ನಿಮ್ಮನ್ನು ಹಿಂಬಾಲಿಸಲು ಯಾರೂ ಅನುಮತಿ ಕೇಳುವುದಿಲ್ಲ. ಬೇಡವಾದವರನ್ನು ಆಮೇಲೆ ಬ್ಲಾಕ್ ಮಾಡಬಹುದು, ಆ ಸೌಲಭ್ಯ ಬಂದದ್ದು 2021ರ ನವೆಂಬರ್‌ನಲ್ಲಿ. ಮೊದಲೇ ತಡೆಯುವ ಉಪಾಯ ಇಲ್ಲ. ಆದ್ದರಿಂದ ಕಾಣುವುದನ್ನು ಕಡಿಮೆ ಮಾಡುವುದೊಂದೇ ದಾರಿ. ಸೆಟ್ಟಿಂಗ್ಸ್ ಒಳಗೆ 'ಪ್ರೈವಸಿ ಅಂಡ್ ಸೋಷಿಯಲ್' ತೆರೆದು ಕೇಳುವಿಕೆಯ ಚಟುವಟಿಕೆ, ಇತ್ತೀಚೆಗೆ ಕೇಳಿದ ಕಲಾವಿದರು ಇವನ್ನು ಆಫ್ ಮಾಡಿ. ಈಗಾಗಲೇ ಇರುವ ಪ್ರತಿ ಪ್ಲೇಲಿಸ್ಟನ್ನೂ ಒಂದೊಂದಾಗಿ ತೆರೆದು, ಮೂರು ಚುಕ್ಕೆ ಒತ್ತಿ, ಖಾಸಗಿ ಮಾಡಿ. ಸೆಟ್ಟಿಂಗ್ ಬದಲಿಸಿದರೆ ಹಳೆಯವೂ ತಾವಾಗಿ ಖಾಸಗಿಯಾಗುತ್ತವೆ ಎಂದು ನಂಬಿ ಕೂರಬೇಡಿ. 'ಪ್ರೈವೇಟ್ ಸೆಷನ್' ಎಂಬುದನ್ನು ಮಕ್ಕಳು ಶಾಶ್ವತ ರಕ್ಷಣೆ ಎಂದುಕೊಳ್ಳುತ್ತಾರೆ. ಅದು ಕೆಲವು ಗಂಟೆಗಳ ಮಟ್ಟಿಗೆ ಮಾತ್ರ, ಆಮೇಲೆ ತಾನೇ ಮುಗಿಯುತ್ತದೆ.

ಪ್ರೊಫೈಲಿನಲ್ಲಿ ಕಾಣುವ ಹೆಸರು, ಚಿತ್ರಗಳತ್ತ ಬಹಳ ಮಂದಿ ನೋಡುವುದಿಲ್ಲ. ಫೇಸ್‌ಬುಕ್ ಮೂಲಕ ಲಾಗಿನ್ ಆಗಿದ್ದರೆ ಅಲ್ಲಿನ ಪೂರ್ಣ ಹೆಸರು, ಮುಖದ ಫೋಟೊ ಇಲ್ಲಿಗೂ ಬಂದು ಕೂತಿರುತ್ತವೆ. ಅಡ್ಡಹೆಸರು ಹಾಕಿ, ಫೋಟೊ ತೆಗೆಯಿರಿ. ಪ್ಲೇಲಿಸ್ಟಿನ ಹೆಸರೂ ಸುಳಿವು ಕೊಡುತ್ತದೆ. ತರಗತಿ, ಸೆಕ್ಷನ್, ಶಾಲಾ ಬಸ್ಸಿನ ಸಂಖ್ಯೆ, ಸಂಜೆಯ ಕ್ರಿಕೆಟ್ ತರಬೇತಿಯ ಹೊತ್ತು ಇವನ್ನೆಲ್ಲ ಪ್ಲೇಲಿಸ್ಟಿಗೆ ಹೆಸರಾಗಿ ಇಡುವುದು ಮಕ್ಕಳಿಗೆ ತಮಾಷೆ. ನಾಲ್ಕು ಪ್ಲೇಲಿಸ್ಟ್ ನೋಡಿದವನಿಗೆ ಮಗುವಿನ ದಿನಚರಿಯೇ ಸಿಕ್ಕಿಬಿಡುತ್ತದೆ.

ಆ್ಯಪಲ್ ಮ್ಯೂಸಿಕ್: ಫೋನ್ ಆ್ಯಪಲ್‌ನದಾಗಿದ್ದರೆ ಬಿಗಿ

ಇಲ್ಲಿ ಉಚಿತ ಹಂತ ಇಲ್ಲ, ಆದ್ದರಿಂದ ಹಾಡಿನ ನಡುವೆ ಜಾಹೀರಾತೂ ಇಲ್ಲ. ಫ್ಯಾಮಿಲಿ ಶೇರಿಂಗ್‌ನಲ್ಲಿ 6 ಜನರವರೆಗೆ ಸೇರಬಹುದು, ಚಿಕ್ಕ ಮಕ್ಕಳಿಗೆ ಹೆತ್ತವರೇ ನಿಜ ವಯಸ್ಸು ಹಾಕಿ ಖಾತೆ ಮಾಡಿಕೊಡಬಹುದು. ಸುಳ್ಳು ಹೇಳುವ ಅಗತ್ಯವೇ ಬೀಳದಿರುವುದು ದೊಡ್ಡ ಅನುಕೂಲ.

ತಡೆಗಳು ಆ್ಯಪಿನ ಒಳಗಲ್ಲ, ಫೋನಿನ ಸೆಟ್ಟಿಂಗ್ಸ್‌ನಲ್ಲಿವೆ. ಸ್ಕ್ರೀನ್ ಟೈಮ್ ತೆರೆದು 'ಕಂಟೆಂಟ್ ಅಂಡ್ ಪ್ರೈವಸಿ ರಿಸ್ಟ್ರಿಕ್ಷನ್ಸ್' ಆನ್ ಮಾಡಿ. ಅದರೊಳಗೆ ಸಂಗೀತ, ಪಾಡ್‌ಕಾಸ್ಟ್‌ಗಳ ಸಾಲಿನಲ್ಲಿ 'ಕ್ಲೀನ್' ಆರಿಸಿ; ಮ್ಯೂಸಿಕ್ ವಿಡಿಯೋ, ಮ್ಯೂಸಿಕ್ ಪ್ರೊಫೈಲ್ ಎರಡನ್ನೂ ಬೇಕಿದ್ದರೆ ಪೂರ್ತಿ ಆಫ್ ಮಾಡಿ. ಪ್ರೊಫೈಲನ್ನೇ ಇಲ್ಲವಾಗಿಸುವ ಈ ಸ್ವಿಚ್ ಆ್ಯಪಲ್‌ನ ದೊಡ್ಡ ಬಲ. ಪ್ರೊಫೈಲ್ ಬೇಕೆನ್ನುವ ಹದಿಹರೆಯದವರಿಗೂ 'ನಾನು ಒಪ್ಪಿದವರು ಮಾತ್ರ ಹಿಂಬಾಲಿಸಲಿ' ಎಂಬ ಆಯ್ಕೆ ಇದೆ, ಸ್ಪಾಟಿಫೈನಲ್ಲಿ ಇಲ್ಲದ್ದು. ಹಲವರು ಸೇರಿ ಮಾಡುವ ಪ್ಲೇಲಿಸ್ಟಿಗೂ ಸೇರುವವರನ್ನು ಒಪ್ಪಿಕೊಳ್ಳುವ ಸ್ವಿಚ್ ಇದೆ; ಕೊಂಡಿ ಹಂಚುವ ಮೊದಲೇ ಅದನ್ನು ಆನ್ ಮಾಡಿ, ಇಲ್ಲದಿದ್ದರೆ ಕೊಂಡಿ ಸಿಕ್ಕವರೆಲ್ಲ ಒಳಗೆ ಬರುತ್ತಾರೆ.

ತಪ್ಪುವುದು ಎರಡು ಕಡೆ. ಸ್ಕ್ರೀನ್ ಟೈಮ್‌ನ ಪಾಸ್‌ಕೋಡೂ ಫೋನ್ ತೆರೆಯುವ ಪಾಸ್‌ಕೋಡೂ ಒಂದೇ ಆಗಿದ್ದರೆ ಮಗು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಬಿಚ್ಚಿಡುತ್ತದೆ. ಇನ್ನೊಂದು, ಈ ತಡೆ ಆ್ಯಪಲ್ ಸಾಧನಗಳಿಗೆ ಮಾತ್ರ. ಮಗು ಅದೇ ಖಾತೆಯನ್ನು ಆಂಡ್ರಾಯ್ಡ್ ಫೋನಿನಲ್ಲಿ ತೆರೆದರೆ ಅಲ್ಲಿ ಆ್ಯಪಿನೊಳಗಿನ ಕಂಟೆಂಟ್ ರಿಸ್ಟ್ರಿಕ್ಷನ್ಸ್‌ಗೆ ಹೋಗಿ ಬೇರೆ ಪಾಸ್‌ಕೋಡ್ ಹಾಕಬೇಕು. ಹೋಮ್‌ಪಾಡ್ ಸ್ಪೀಕರಿಗೂ ಹೋಮ್ ಆ್ಯಪಿನಲ್ಲಿ ಪ್ರತ್ಯೇಕ ಸ್ವಿಚ್ ಇದೆ. ಮನೆಯಲ್ಲಿ ಬಗೆಬಗೆಯ ಕಂಪನಿಗಳ ಸಾಧನಗಳಿದ್ದರೆ ಆ್ಯಪಲ್‌ನ ಬಿಗಿ ಅಷ್ಟರಮಟ್ಟಿಗೆ ಸಡಿಲ.

ಯೂಟ್ಯೂಬ್ ಮ್ಯೂಸಿಕ್: ಹಾಡಿನ ಹಿಂದೆ ವಿಡಿಯೋ ಲೋಕ

ಇದನ್ನು ಬೇರೆ ಮೂರರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಉಳಿದವು ಮುಖ್ಯವಾಗಿ ಕಂಪನಿಗಳು, ವಿತರಕರು ಕಳಿಸಿದ ಹಾಡುಗಳ ಸಂಗ್ರಹ. ಇಲ್ಲಿ ಜೊತೆಗೆ ಯಾರು ಬೇಕಾದರೂ ಏರಿಸಿದ ವಿಡಿಯೋ ಕೂಡ ಹಾಡಿನ ವೇಷದಲ್ಲಿ ಬರುತ್ತದೆ. ಅವುಗಳಿಗೆ ಇ ಗುರುತಿನ ಶಿಸ್ತು ಇನ್ನೂ ಕಡಿಮೆ. ಸೆಟ್ಟಿಂಗ್ಸ್‌ನಲ್ಲಿರುವ ರಿಸ್ಟ್ರಿಕ್ಟೆಡ್ ಮೋಡ್ ಸ್ವಲ್ಪ ಜರಡಿ ಹಿಡಿಯುತ್ತದೆ, ಆದರೆ ಮಗುವೇ ಅದನ್ನು ತೆಗೆಯಬಹುದಾದರೆ ಇಟ್ಟೂ ಪ್ರಯೋಜನವಿಲ್ಲ.

ಗಟ್ಟಿಯಾದ ದಾರಿ ಫ್ಯಾಮಿಲಿ ಲಿಂಕ್ ಮೂಲಕ ಮೇಲ್ವಿಚಾರಣೆಯ ಖಾತೆ. ಅದರಲ್ಲಿ ಮೂರು ಮೆಟ್ಟಿಲು: ಸುಮಾರು 9 ವರ್ಷ ದಾಟಿದವರಿಗೆ 'ಎಕ್ಸ್‌ಪ್ಲೋರ್', 13ರ ಸುತ್ತಿನವರಿಗೆ 'ಎಕ್ಸ್‌ಪ್ಲೋರ್ ಮೋರ್', ಆಮೇಲೆ 18 ದಾಟಿದವರದು ಬಿಟ್ಟು ಬಹುತೇಕ ಎಲ್ಲ ಸಿಗುವ 'ಮೋಸ್ಟ್ ಆಫ್ ಯೂಟ್ಯೂಬ್'. ಹೆಸರು ಯೂಟ್ಯೂಬಿನದಾದರೂ ಮ್ಯೂಸಿಕ್ ಆ್ಯಪಿಗೂ ಇದು ಅನ್ವಯ. ಮೊದಲ ಮೆಟ್ಟಿಲಿನಿಂದ ಶುರುಮಾಡಿ. ಮಗು ಕೇಳಿದ ಹಾಡು ಸಿಗದಿದ್ದಾಗ ಮೇಲಕ್ಕೇರಿಸುವುದು ಸುಲಭ, ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಜಗಳ.

ಇನ್ನೊಂದು ವಿಶೇಷ ಇತಿಹಾಸದ್ದು. ಯೂಟ್ಯೂಬ್ ಮತ್ತು ಯೂಟ್ಯೂಬ್ ಮ್ಯೂಸಿಕ್‌ಗೆ ನೋಡಿದ್ದು ಕೇಳಿದ್ದರ ಇತಿಹಾಸ ಒಂದೇ. ಅಪ್ಪನ ಖಾತೆಯಲ್ಲಿ ಮಗು ಲಾಲಿ ಹಾಡು ಕೇಳಿದರೆ ಅಪ್ಪನ ಯೂಟ್ಯೂಬ್ ತುಂಬ ಕಾರ್ಟೂನು. ಅಪ್ಪ ಅಪರಾಧ ಸುದ್ದಿ ನೋಡಿದರೆ ಅದರ ವಾಸನೆ ಮಗುವಿನ ಶಿಫಾರಸಿಗೂ ಹತ್ತುತ್ತದೆ. ಇತಿಹಾಸ ತಾನಾಗಿ ಅಳಿಯುವಂತೆ ಮಾಡಲು ಗೂಗಲ್ ಖಾತೆಯ ಚಟುವಟಿಕೆ ಪುಟದಲ್ಲಿ 3, 18, 36 ತಿಂಗಳು ಎಂಬ ಆಯ್ಕೆಗಳಿವೆ. ಮಕ್ಕಳ ಖಾತೆಗೆ 3 ಸಾಕು. ಪ್ಲೇಲಿಸ್ಟಿಗೆ ಸಾರ್ವಜನಿಕ, ಕೊಂಡಿ ಇದ್ದವರಿಗೆ ಮಾತ್ರ, ಖಾಸಗಿ ಎಂದು ಮೂರು ಹಂತ. ನಡುವಿನದು ಖಾಸಗಿ ಅಲ್ಲ ಎಂಬುದನ್ನು ಮಗುವಿಗೆ ಬಿಡಿಸಿ ಹೇಳಬೇಕಾಗುತ್ತದೆ, ಯಾಕೆಂದರೆ ಕೊಂಡಿ ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಹೋಗುತ್ತದೆ.

ಅಮೆಜಾನ್ ಮ್ಯೂಸಿಕ್ ಮತ್ತು ಮಾತಾಡುವ ಸ್ಪೀಕರ್

ಅಮೆಜಾನ್ ಆ್ಯಪಿನ ಬಗ್ಗೆ ಹೇಳುವುದು ಕಡಿಮೆ: ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪ್ಲಿಸಿಟ್ ಫಿಲ್ಟರ್ ಇದೆ, 6 ಜನರ ಕುಟುಂಬ ಯೋಜನೆ ಇದೆ. ಇಲ್ಲಿ ಪ್ರಶ್ನೆ ಎಕೋ ಸ್ಪೀಕರಿನದು. ಓದಲು ಬಾರದ ಮಗುವೂ ಬಾಯಲ್ಲಿ ಹೇಳಿ ಯಾವ ಹಾಡು ಬೇಕಾದರೂ ಹಾಕಿಸಬಲ್ಲದು, ಮತ್ತು ಹಾಗೆ ಹೇಳಿದ ಧ್ವನಿ ದಾಖಲಾಗುತ್ತದೆ. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ್ದ ಪ್ರಕರಣದಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಎಕೋದಲ್ಲಿ ಮಾತಿಗೆ ಉತ್ತರಿಸುವ ಸಹಾಯಕ ಅಲೆಕ್ಸಾದಲ್ಲಿ ಮಕ್ಕಳ ಧ್ವನಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡದ್ದು, ಹೆತ್ತವರು ಅಳಿಸಿ ಎಂದಾಗ ಪೂರ್ತಿ ಅಳಿಸದಿದ್ದದ್ದು ಅದರಲ್ಲಿನ ಆರೋಪ.

ಸ್ಪೀಕರ್ ಇರುವ ಮನೆಯಲ್ಲಿ ಅಲೆಕ್ಸಾ ಆ್ಯಪಿನ ಅಲೆಕ್ಸಾ ಪ್ರೈವಸಿ ವಿಭಾಗಕ್ಕೆ ಹೋಗಿ ಧ್ವನಿ ಇತಿಹಾಸ ಅಳಿಸಿ, ದಾಖಲೆಗಳು ಎಷ್ಟು ಕಾಲ ಇರಬೇಕು ಎಂಬುದನ್ನೂ ಅಲ್ಲೇ ಕಡಿಮೆ ಮಾಡಿ. ಮಕ್ಕಳ ಕೋಣೆಯ ಎಕೋಗೆ ಅಮೆಜಾನ್ ಕಿಡ್ಸ್ ಹಾಕಿದರೆ ಹಾಡಿನ ಫಿಲ್ಟರ್ ಜೊತೆಗೇ ಬರುತ್ತದೆ. ಧ್ವನಿಯಿಂದ ಖರೀದಿಸುವ ಸೌಲಭ್ಯವನ್ನು ಆಫ್ ಮಾಡುವುದನ್ನು ಮಾತ್ರ ನಾಳೆಗೆ ಇಡಬೇಡಿ.

ಉಚಿತವೇ, ಹಣ ಕೊಟ್ಟದ್ದೇ

ಹಣ ಕೊಟ್ಟರೆ ಖಾಸಗಿತನ ತಾನಾಗಿ ಸಿಗುತ್ತದೆ ಎಂಬುದು ತಪ್ಪು ಲೆಕ್ಕ. ಹಣ ಕೊಟ್ಟಾಗ ಹೋಗುವುದು ಹಾಡಿನ ನಡುವಿನ ಜಾಹೀರಾತು. ಯಾವ ಹಾಡು, ಎಷ್ಟು ಹೊತ್ತಿಗೆ, ಯಾವ ಸಾಧನದಲ್ಲಿ, ಎಲ್ಲಿ ಬಿಟ್ಟು ಮುಂದಕ್ಕೆ ಹಾರಿದರು ಎಂಬ ದಾಖಲೆ ಎರಡರಲ್ಲೂ ಬೆಳೆಯುತ್ತದೆ. ಶಿಫಾರಸು ನಡೆಯುವುದೇ ಅದರ ಮೇಲೆ. ಈ ದಾಖಲೆ ಎಷ್ಟು ಆಳಕ್ಕೆ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ: ಮಾತಿನ ಧಾಟಿಯಿಂದ ಕೇಳುಗರ ಭಾವನೆಯನ್ನು ಊಹಿಸಿ ಹಾಡು ಸೂಚಿಸುವ ವಿಧಾನಕ್ಕೆ ಸ್ಪಾಟಿಫೈ 2021ರ ಜನವರಿಯಲ್ಲಿ ಪೇಟೆಂಟ್ ಪಡೆಯಿತು. ವಿರೋಧ ಎದ್ದಾಗ ಅದನ್ನು ಬಳಸಿಲ್ಲ, ಬಳಸುವ ಯೋಜನೆಯೂ ಇಲ್ಲ ಎಂದು ಕಂಪನಿ ಹೇಳಿತು. ಧ್ವನಿ ಬೇಡ, ಹದಿನಾಲ್ಕರ ಹುಡುಗಿ ನಡುರಾತ್ರಿ ಎರಡು ಗಂಟೆಗೆ ಒಂದೇ ದುಃಖದ ಹಾಡನ್ನು ಹತ್ತು ಸಲ ಕೇಳಿದಳೆಂಬ ದಾಖಲೆಯೇ ಬೇಕಾದಷ್ಟು ಹೇಳುತ್ತದೆ.

ಆ ದಾಖಲೆಯನ್ನು ನೀವೂ ನೋಡಬಹುದು. ಸ್ಪಾಟಿಫೈ ಖಾತೆಯ ಪ್ರೈವಸಿ ಪುಟದಲ್ಲಿ ದತ್ತಾಂಶದ ಪ್ರತಿ ಕೇಳಿದರೆ ಸಾಮಾನ್ಯ ಕಡತ ಸುಮಾರು 5 ದಿನಕ್ಕೆ, ಮೊದಲಿನಿಂದಿನ ಪೂರ್ಣ ಇತಿಹಾಸ ಸುಮಾರು 30 ದಿನಕ್ಕೆ ಬರುತ್ತದೆ. ಗೂಗಲ್‌ನಲ್ಲಿ ಇದೇ ಕೆಲಸಕ್ಕೆ ಟೇಕ್‌ಔಟ್ ಇದೆ. ಹದಿಹರೆಯದವರ ಜೊತೆ ಕೂತು ಒಮ್ಮೆ ಆ ಕಡತ ತೆರೆದು ನೋಡುವುದು ಹತ್ತು ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ತೆರೆಯುವುದು ಅವರ ಒಪ್ಪಿಗೆಯಿಂದ ಆಗಬೇಕು. ಹದಿನೈದರವರ ಹಾಡಿನ ಪಟ್ಟಿ ದಿನಚರಿ ಪುಸ್ತಕದ ಹಾಗೆ.

ಉಚಿತ ಹಂತವನ್ನೇ ಬಳಸುವುದಾದರೆ ವ್ಯಕ್ತಿಗತ ಜಾಹೀರಾತಿನ ಸ್ವಿಚ್ ಆಫ್ ಮಾಡಿ. ಜಾಹೀರಾತು ನಿಲ್ಲುವುದಿಲ್ಲ, ಬೆನ್ನು ಹತ್ತುವುದು ಕಡಿಮೆಯಾಗುತ್ತದೆ. ಪ್ರೀಮಿಯಂ ಉಚಿತವಾಗಿ ಕೊಡುತ್ತೇವೆ ಎನ್ನುವ, ಅಧಿಕೃತ ಸ್ಟೋರಿನ ಹೊರಗೆ ಸಿಗುವ ತಿದ್ದಿದ ಆ್ಯಪ್‌ಗಳು ಮಾತ್ರ ಬೇಡವೇ ಬೇಡ. ಅವುಗಳನ್ನು ಯಾರು ತಿದ್ದಿದರು, ಒಳಗೆ ಏನು ಸೇರಿಸಿದರು ಎಂದು ನೋಡುವವರಿಲ್ಲ. ಲಾಗಿನ್ ಮಾಡಿದ ಕ್ಷಣ ಪಾಸ್‌ವರ್ಡ್ ಅವರ ಕೈಗೆ ಹೋಗಬಹುದು, ಅದನ್ನು ಹಾಕಲು ಫೋನಿನ ರಕ್ಷಣೆಯನ್ನೂ ಸಡಿಲಿಸಬೇಕಾಗುತ್ತದೆ.

ಆ್ಯಪಿನ ಹೊರಗಿಂದ ಬರುವುದು

'ನಿನ್ನ ಹಾಡಿನ ರುಚಿ ಹೇಗಿದೆ ಹೇಳುತ್ತೇವೆ' ಎನ್ನುವ ತಾಣಗಳು ಮಕ್ಕಳ ನಡುವೆ ಬೇಗ ಹರಡುತ್ತವೆ. ಒತ್ತಿದರೆ ಅನುಮತಿ ಕೇಳುವ ಪುಟ ಬರುತ್ತದೆ: ಇಮೇಲ್ ವಿಳಾಸ, ಖಾಸಗಿ ಪ್ಲೇಲಿಸ್ಟ್, ಇತ್ತೀಚೆಗೆ ಕೇಳಿದ್ದು. ಮಗು ಓದದೆ ಒಪ್ಪುತ್ತದೆ, ಎರಡು ನಿಮಿಷ ನಕ್ಕು ಮರೆಯುತ್ತದೆ. ಅನುಮತಿ ಮಾತ್ರ ಉಳಿದಿರುತ್ತದೆ. ಸ್ಪಾಟಿಫೈ ಖಾತೆಯ ಪುಟದಲ್ಲಿ 'ಮ್ಯಾನೇಜ್ ಆ್ಯಪ್ಸ್' ತೆರೆದು ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ಗೂಗಲ್ ಖಾತೆಯಲ್ಲೂ ಇಂಥದೇ ಪಟ್ಟಿ ಇದೆ.

ಪಾಸ್‌ವರ್ಡ್ ಮರುಬಳಕೆ ಇನ್ನೊಂದು ಹಳೆಯ ರೋಗ. 2020ರಲ್ಲಿ ಬೇರೆಡೆ ಸೋರಿದ ಪಾಸ್‌ವರ್ಡ್‌ಗಳನ್ನೇ ಪ್ರಯೋಗಿಸಿ 3 ಲಕ್ಷಕ್ಕೂ ಹೆಚ್ಚು ಸ್ಪಾಟಿಫೈ ಖಾತೆಗಳಿಗೆ ಕೈ ಹಾಕಿದ್ದು ಬೆಳಕಿಗೆ ಬಂದು, ಕಂಪನಿ ಆ ಪಾಸ್‌ವರ್ಡ್‌ಗಳನ್ನು ಬದಲಿಸಬೇಕಾಯಿತು. ಆಟದ ಖಾತೆಗೂ ಹಾಡಿನ ಖಾತೆಗೂ ಒಂದೇ ಪಾಸ್‌ವರ್ಡ್ ಇಡುವುದು ಮಕ್ಕಳಲ್ಲಿ ಮಾಮೂಲು. ಕೇಳದ ಭಾಷೆಯ ಹಾಡುಗಳು ಇತಿಹಾಸದಲ್ಲಿ ಕಂಡರೆ, ಹಾಡು ನಡುವೆ ತಾನಾಗಿ ನಿಂತು ಬೇರೆ ಸಾಧನದಲ್ಲಿ ಹಾಡುತ್ತಿದೆ ಎಂದು ತೋರಿಸಿದರೆ ಒಳಗೆ ಇನ್ನೊಬ್ಬರಿದ್ದಾರೆ. ಆಗ ಕ್ರಮ ತಪ್ಪಬಾರದು: ಮೊದಲು ಇಮೇಲಿನ ಪಾಸ್‌ವರ್ಡ್, ಆಮೇಲೆ ಹಾಡಿನ ಸೇವೆಯ ಪಾಸ್‌ವರ್ಡ್, ಕೊನೆಗೆ ಎಲ್ಲ ಸಾಧನಗಳಿಂದ ಲಾಗ್ ಔಟ್. ಹಿಂದುಮುಂದಾದರೆ ಕಳ್ಳ ಇಮೇಲ್ ಮೂಲಕ ಮತ್ತೆ ಒಳಗೆ ಬರುತ್ತಾನೆ.

ಗುಂಪಾಗಿ ಕೇಳುವ ಸೌಲಭ್ಯಗಳ ಬಗ್ಗೆಯೂ ಒಂದು ಮಾತು. 2023ರಲ್ಲಿ ಬಂದ ಸ್ಪಾಟಿಫೈ ಜ್ಯಾಮ್‌ಗೆ ಕೊಂಡಿಯಿಂದಲೋ ಕ್ಯೂಆರ್ ಸಂಕೇತದಿಂದಲೋ ಸೇರಬಹುದು. ಗೆಳೆಯರಿಗೆ ಕಳಿಸಿದರೆ ಸರಿ, ದೊಡ್ಡ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಯಾರು ಬಂದರೆಂದು ಲೆಕ್ಕವಿಲ್ಲ. ಶುರುಮಾಡಿದವರು ಬೇಡದವರನ್ನು ಹೊರಹಾಕಬಹುದು, ಅದನ್ನು ಮಗುವಿಗೆ ತೋರಿಸಿಕೊಡಿ. ಯಾರು ಬೇಕಾದರೂ ಹಾಡು ಏರಿಸಬಹುದಾದ ಸೌಂಡ್‌ಕ್ಲೌಡ್ ಸೇವೆಯಲ್ಲಿ ಹಾಡಿನ ಅಲೆಯ ಚಿತ್ರದ ಮೇಲೆಯೇ ಎಲ್ಲರ ಕಾಮೆಂಟು ಕಾಣುತ್ತದೆ, ಸಂದೇಶವೂ ಇದೆ. ಸ್ವಂತ ಹಾಡು ಏರಿಸುವ ಹದಿಹರೆಯದವರಿಗೆ ಅದು ಇಷ್ಟ. ಅದಕ್ಕೆ ಹಾಡಿನ ಆ್ಯಪಿನ ನಿಯಮವಲ್ಲ, ಸಾಮಾಜಿಕ ಜಾಲತಾಣದ ನಿಯಮ ಹಾಕಬೇಕು.

ಹಾಗಾದರೆ ಯಾವುದು

ಎಂಟರೊಳಗಿನವರಿಗೆ ಫ್ಯಾಮಿಲಿ ಯೋಜನೆ ಇದ್ದರೆ ಸ್ಪಾಟಿಫೈ ಕಿಡ್ಸ್. ಇಲ್ಲದಿದ್ದರೆ ನೀವೇ ಆರಿಸಿದ ಹಾಡುಗಳನ್ನು ಹಾಕಿಕೊಟ್ಟ ಪರದೆಯಿಲ್ಲದ ಎಂಪಿ3 ಪ್ಲೇಯರ್. ಇಂಟರ್ನೆಟ್ಟೇ ಇಲ್ಲದ ಮೇಲೆ ಖಾಸಗಿತನದ ಚಿಂತೆಯೂ ಇಲ್ಲ. ಇದನ್ನು ಹಿಂದುಳಿದ ಪರಿಹಾರ ಎಂದು ತಳ್ಳಿಹಾಕುವವರಿಗೆ ಆರು ವರ್ಷದ ಮಗುವಿಗೆ ಕೋಟಿ ಹಾಡು ಯಾಕೆ ಬೇಕು ಎಂದು ಕೇಳಬೇಕು.

ಎಂಟರಿಂದ ಹನ್ನೆರಡರವರಿಗೆ, ಐಫೋನ್ ಅಥವಾ ಐಪ್ಯಾಡ್ ಇರುವ ಮನೆಯಲ್ಲಿ ಆ್ಯಪಲ್ ಮ್ಯೂಸಿಕ್ ಮುಂದು. ಆಂಡ್ರಾಯ್ಡ್ ಮನೆಯಲ್ಲಿ, ಮ್ಯಾನೇಜ್ಡ್ ಅಕೌಂಟ್ ಸಿಗುವ ದೇಶವಾದರೆ ಸ್ಪಾಟಿಫೈ, ಸಿಗದಿದ್ದರೆ ಫ್ಯಾಮಿಲಿ ಲಿಂಕ್ ಜೊತೆ ಯೂಟ್ಯೂಬ್ ಮ್ಯೂಸಿಕ್, ಅದೂ ಮೊದಲ ಮೆಟ್ಟಿಲಿನಲ್ಲಿ. ಹದಿಮೂರು ದಾಟಿದವರು ಗೆಳೆಯರು ಎಲ್ಲಿದ್ದಾರೋ ಅಲ್ಲಿಗೇ ಹೋಗುತ್ತಾರೆ, ಬಹುತೇಕ ಸ್ಪಾಟಿಫೈಗೆ. ತಡೆಯುವುದಕ್ಕಿಂತ ನಿಜ ವಯಸ್ಸು, ಅಡ್ಡಹೆಸರು, ಖಾಸಗಿ ಪ್ಲೇಲಿಸ್ಟ್ ಈ ಮೂರರಲ್ಲಿ ರಾಜಿಯಿಲ್ಲ ಎಂದು ಮಾತಾಡಿಕೊಳ್ಳುವುದು ಲೇಸು.

ಯಾವುದನ್ನೇ ಆರಿಸಿದರೂ ಮಗುವಿನ ಕೈಗೆ ಕೊಡುವ ಮೊದಲು ಇಪ್ಪತ್ತು ನಿಮಿಷ ಪರೀಕ್ಷೆಗೆ ಇಡಿ. ಇ ಗುರುತಿರುವುದು ನಿಮಗೆ ಖಚಿತವಾಗಿ ಗೊತ್ತಿರುವ ಹಾಡೊಂದನ್ನು ಮಗುವಿನ ಸಾಧನದಲ್ಲಿ ಹುಡುಕಿ ಒತ್ತಿ. ಬಾಯಲ್ಲಿ ಹೇಳಿಯೂ ಹಾಕಿಸಿ ನೋಡಿ. ಅದೇ ಹಾಡಿನ ಕವರ್ ಹುಡುಕಿ. ಬ್ರೌಸರ್ ತೆರೆದು, ಲಾಗಿನ್ ಇಲ್ಲದೆ, ಅದೇ ಸೇವೆಯ ವೆಬ್ ಪ್ಲೇಯರಿಗೆ ಹೋಗಿ. ಫಿಲ್ಟರ್ ಇಲ್ಲಿ ಸೋರುವುದೇ ಹೆಚ್ಚು. ನಿಮ್ಮ ಫೋನಿನಿಂದ ಮಗುವಿನ ಪ್ರೊಫೈಲ್ ಹುಡುಕಿ, ಅಪರಿಚಿತರಿಗೆ ಏನು ಕಾಣುತ್ತದೆ ನೋಡಿ. ಒಂದು ಆಲ್ಬಂನ ಕೊನೆಯ ಹಾಡು ಹಾಕಿ ಮುಗಿಯುವವರೆಗೆ ಕಾಯಿರಿ: ಆಮೇಲೆ ತಾನಾಗಿ ಶುರುವಾಗುವುದು ಏನು ಎಂಬುದು ಆಟೋಪ್ಲೇ ಆಫ್ ಮಾಡಬೇಕೇ ಎಂಬುದನ್ನು ಹೇಳುತ್ತದೆ. ಟಿವಿ, ಕಾರು, ಗೇಮ್ ಕನ್ಸೋಲ್‌ಗಳಲ್ಲಿ ಯಾರ ಖಾತೆ ಇದೆ ನೋಡಿ. ಅಲ್ಲೆಲ್ಲ ಇರುವುದು ದೊಡ್ಡವರದೇ.

ಸೇವೆ ಬದಲಿಸುವಾಗ ಆ್ಯಪ್ ಅಳಿಸಿದರೆ ಖಾತೆ ಅಳಿಯುವುದಿಲ್ಲ. ಮಗುವಿನ ಪ್ಲೇಲಿಸ್ಟ್, ಹೆಸರು, ಫೋಟೊ, ಇತಿಹಾಸ ಎಲ್ಲ ಅಲ್ಲೇ ಇರುತ್ತವೆ, ಸಾರ್ವಜನಿಕವಾಗಿದ್ದರೆ ಕಾಣುತ್ತಲೂ ಇರುತ್ತವೆ. ಬೇಕಾದ ಹಾಡುಗಳ ಪಟ್ಟಿ ಬರೆದಿಟ್ಟುಕೊಂಡು, ಚಂದಾ ನಿಲ್ಲಿಸಿ, ಆಮೇಲೆ ಖಾತೆ ಮುಚ್ಚುವ ಪುಟಕ್ಕೆ ಹೋಗಿ. ಸ್ಪಾಟಿಫೈ ಮನಸ್ಸು ಬದಲಿಸಲು 7 ದಿನ ಕೊಡುತ್ತದೆ. ಅಷ್ಟರಲ್ಲಿ ಮಗು ಹಳೆಯ ಪ್ಲೇಲಿಸ್ಟ್ ಬೇಕೆಂದು ಅತ್ತರೆ ತರಿಸಬಹುದು, ಎಂಟನೆಯ ದಿನ ಆಗದು.